ಲೈಟ್ನಿಂಗ್ ಫೈಟರ್: 28 ವರ್ಷ ಕಾವಲು, ಒಂದೂ ಶತ್ರು ವಿಮಾನ ಬೀಳಿಸಲಿಲ್ಲ. ಇದನ್ನು ಯಶಸ್ಸು ಅನ್ನಬೇಕಾ?

ನೀಲಿಆಕಾಶ:
ನನಗೂ ನನ್ನ ಭಾವನಿಗೂ ಒಂದೇ ಜಗಳ. ಬ್ರಿಟನ್ನಿನ ವಾಯುಪಡೆ ಹಾರಿಸಿದ ಜೆಟ್ ಫೈಟರ್‌ಗಳಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಲೈಟ್ನಿಂಗ್‌ಗೆ ಸಾಟಿ ಇಲ್ಲ ಅನ್ನೋದು ಅವನ ಪಟ್ಟು. ನನ್ನ ಲೆಕ್ಕ ಬೇರೆ. 1960ರಲ್ಲಿ ಸೇವೆಗೆ ಬಂತು, 1988ರಲ್ಲಿ ಮನೆಗೆ ಹೋಯ್ತು. ಅಷ್ಟೂ ವರ್ಷದಲ್ಲಿ ಒಂದೇ ಒಂದು ಶತ್ರು ವಿಮಾನ ಬೀಳಿಸಲಿಲ್ಲ. ಹೊತ್ತುಕೊಂಡು ಹೋಗುತ್ತಿದ್ದದ್ದು ಎರಡೇ ಕ್ಷಿಪಣಿ. ಮೇಲಕ್ಕೆ ಹೋದ ಸ್ವಲ್ಪ ಹೊತ್ತಿಗೆ ಇಂಧನ ಖಾಲಿ. ಸೌದಿ, ಕುವೈತ್‌ಗೆ ಮಾರಿದ್ದನ್ನೂ ಸೇರಿಸಿ ಒಟ್ಟು ತಯಾರಾಗಿದ್ದು 337 ಮಾತ್ರ. ನೋಡೋಕೆ ಚೆಂದ, ಸದ್ದು ಜಾಸ್ತಿ, ಕೆಲಸ ಕಡಿಮೆ. ಇಷ್ಟು ವರ್ಷ ಯಾಕೆ ಇಟ್ಟುಕೊಂಡರು? ಗೊತ್ತಿದ್ದವರು ಹೇಳಿ. ಭಾವನೂ ಇಲ್ಲಿ ಓದುತ್ತಾನೆ, ಸಂಕೋಚ ಬೇಡ.

ಕರಾವಳಿಕಾಗೆ:
ನನ್ನ ವೋಟು ಭಾವನಿಗೆ ಮಾರಾಯ್ರೆ.

ಲೆಕ್ಕದಮೇಷ್ಟ್ರು:
ನೀಲಿಆಕಾಶ ಅವರೇ, ಆ ವಿಮಾನಕ್ಕೆ ಯಾವ ಕೆಲಸ ಒಪ್ಪಿಸಿದ್ದರು ಅಂತ ಮೊದಲು ನೋಡಿ, ಆಮೇಲೆ ಮಾರ್ಕ್ಸ್ ಕೊಡಿ. 1950ರ ದಶಕದಲ್ಲಿ ಬ್ರಿಟನ್ನಿನ ಅಣುಬಾಂಬ್ ಇದ್ದದ್ದು ವ್ಯಾಲಿಯಂಟ್, ವಲ್ಕನ್, ವಿಕ್ಟರ್ ಅನ್ನೋ ಮೂರು ಬಾಂಬರ್‌ಗಳ ಹೊಟ್ಟೆಯಲ್ಲಿ. ಅವು ನಿಂತಿರುವ ನೆಲೆಗಳ ಮೇಲೆ ಸೋವಿಯತ್ ಬಾಂಬರ್‌ಗಳು ಉತ್ತರ ಸಮುದ್ರದ ಕಡೆಯಿಂದ ಬಂದರೆ, ರಾಡಾರ್‌ನಲ್ಲಿ ಕಂಡ ಮೇಲೆ ಕೈಯಲ್ಲಿ ಉಳಿಯೋದು ಕೆಲವೇ ನಿಮಿಷ. ಬ್ರಿಟನ್ನಿನ ಬಾಂಬರ್‌ಗಳು ನೆಲ ಬಿಟ್ಟು ಏಳುವವರೆಗೆ ಯಾರಾದರೂ ಅವರನ್ನು ತಡೆಯಬೇಕು. ಆ ಕೆಲಸಕ್ಕೆ ಮಾಡಿದ ವಿಮಾನ ಇದು. ಏಳು, ನೇರ ಮೇಲಕ್ಕೆ ಹೋಗು, ಹೊಡಿ, ಇಳಿ. ಬ್ರೇಕ್ ಬಿಟ್ಟ ಮೂರು ನಿಮಿಷದೊಳಗೆ 36,000 ಅಡಿ ತಲುಪುತ್ತಿತ್ತು. ನೆಲೆಯ ತಲೆಯ ಮೇಲೇ ಜಗಳ ಆಡೋ ವಿಮಾನಕ್ಕೆ ದೂರ ಹೋಗೋ ಇಂಧನ ಯಾಕೆ ಬೇಕು? ಅದನ್ನು ಮರೆತುಬಿಟ್ಟಿದ್ದರು ಅಂದುಕೊಳ್ಳಬೇಡಿ, ಬೇಕು ಅಂತಲೇ ಬಿಟ್ಟಿದ್ದು.

ಇನ್ನೊಂದು. ರೆಕ್ಕೆ 60 ಡಿಗ್ರಿ ಹಿಂದಕ್ಕೆ ಬಾಗಿರೋದು ನೋಡಿದ್ದೀರಲ್ಲ. ಸರ್ಕಾರದ ವೈಮಾನಿಕ ಸಂಶೋಧಕರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ಅಷ್ಟು ಬಾಗಿದ ರೆಕ್ಕೆ, ಕೆಳಗಿಟ್ಟ ಬಾಲ, ನಿಧಾನ ವೇಗದಲ್ಲಿ ಸರಿಹೋಗಲ್ಲ ಅಂದರು. ಅದನ್ನು ಪರೀಕ್ಷೆ ಮಾಡೋಕೇ ಶಾರ್ಟ್ ಎಸ್‌ಬಿ.5 ಅಂತ ಬೇರೆ ವಿಮಾನ ಕಟ್ಟಿ 1952ರಲ್ಲಿ ಹಾರಿಸಿದರು. ಇಂಗ್ಲಿಷ್ ಎಲೆಕ್ಟ್ರಿಕ್‌ನವರು ಹೇಳಿದ್ದೇ ಸರಿ ಅಂತ ಗೊತ್ತಾಯ್ತು. 1954ರ ಆಗಸ್ಟ್ 4ರಂದು ಬೋಸ್ಕಂಬ್ ಡೌನ್‌ನಲ್ಲಿ ರೋಲಂಡ್ ಬೀಮಂಟ್ ಮೊದಲ ಪಿ.1, ಅಂದರೆ ಲೈಟ್ನಿಂಗ್‌ನ ಪರೀಕ್ಷಾ ಮಾದರಿ, ಹಾರಿಸಿದರು. ಅದರ ಸುಧಾರಿತ ರೂಪ 1958ರ ನವೆಂಬರ್‌ನಲ್ಲಿ ಮ್ಯಾಕ್ 2, ಅಂದರೆ ಶಬ್ದದ ಎರಡರಷ್ಟು ವೇಗ, ಮುಟ್ಟಿತು. ಬ್ರಿಟನ್ನಿನ ವಿಮಾನಗಳಲ್ಲಿ ಅದೇ ಮೊದಲು.

ನೀಲಿಆಕಾಶ:
ಮೇಷ್ಟ್ರೇ, ನೆಲೆಯ ತಲೆ ಮೇಲೆ ಜಗಳ ಆಡೋ ವಿಮಾನ ಸಿಂಗಪುರದಲ್ಲಿ ಏನು ಮಾಡುತ್ತಿತ್ತು? ಸೈಪ್ರಸ್‌ನಲ್ಲಿ ಏನು ಮಾಡುತ್ತಿತ್ತು?

ಲೆಕ್ಕದಮೇಷ್ಟ್ರು:
ಒಳ್ಳೆ ಪ್ರಶ್ನೆ. ಕಾಲೇಜಿಂದ ಬಂದು ಉತ್ತರ ಬರೀತೀನಿ.

ಗಾಂಧಿಬಜಾರ್_ಗುರು:
ಮೇಷ್ಟ್ರು ಓಡಿಹೋದರು 😀

ಹಳೇಸ್ಪ್ಯಾನರ್:
ನಾನು ಲೈಟ್ನಿಂಗ್ ಮುಟ್ಟಿದವನಲ್ಲ. ಆದರೆ ಅದರೊಳಗಿದ್ದ ರೋಲ್ಸ್‌ರಾಯ್ಸ್ ಏವಾನ್ ಎಂಜಿನ್ ಇದೆಯಲ್ಲ, ಅದರ ಅಣ್ಣತಮ್ಮಂದಿರ ಜತೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೈ ಕರಿ ಮಾಡಿಕೊಂಡವನು. ನಮ್ಮ ಕ್ಯಾನ್‌ಬೆರಾ, ಹಂಟರ್ ಎರಡರಲ್ಲೂ ಇದ್ದದ್ದು ಏವಾನೇ. ಹಾಗಾಗಿ ಮೆಕ್ಯಾನಿಕ್ ಕಣ್ಣಲ್ಲಿ ಎರಡು ಮಾತು.

ಎಂಜಿನ್ ಎರಡನ್ನೂ ಪಕ್ಕಪಕ್ಕ ಇಡದೆ ಒಂದರ ಮೇಲೊಂದು ಇಟ್ಟರು. ಕೆಳಗಿನದು ಮುಂದೆ, ಮೇಲಿನದು ಹಿಂದೆ. ಗಾಳಿ ಒಳಗೆ ಬರೋದು ಮೂಗಿನ ಒಂದೇ ಬಾಯಿಂದ. ಆ ಬಾಯಿ ನಡುವಿನ ಕೋನ್‌ನಲ್ಲಿ ಫೆರಾಂಟಿ ರಾಡಾರ್. ಹೀಗೆ ಜೋಡಿಸಿದ್ದರಿಂದ ಮೈ ಕಿರಿದಾಯ್ತು, ಗಾಳಿಯ ತಡೆ ಕಡಿಮೆ ಆಯ್ತು. ಒಂದು ಎಂಜಿನ್ ನಿಂತರೂ ವಿಮಾನ ಪಕ್ಕಕ್ಕೆ ಎಳೆಯಲ್ಲ, ಎರಡೂ ನಡುಗೆರೆಯಲ್ಲೇ ಇವೆ. ಪೈಲಟ್‌ಗೆ ಸ್ವರ್ಗ.

ಕೆಳಗೆ ನಿಂತವನಿಗೆ? ಕೆಳಗಿನ ಎಂಜಿನ್ ತೆಗೆಯೋಕೆ ಹೊಟ್ಟೆ ಟ್ಯಾಂಕ್ ಬಿಚ್ಚಬೇಕು, ಫಲಕಗಳನ್ನು ಬಿಚ್ಚಬೇಕು, ಎಂಜಿನ್ ಕೆಳಗೆ ಇಳಿಸಬೇಕು. ಮೇಲಿನದನ್ನು ಕ್ರೇನ್ ಹಾಕಿ ಬೆನ್ನಿನಿಂದ ಎತ್ತಬೇಕು. ಅಷ್ಟು ಇಕ್ಕಟ್ಟಿನಲ್ಲಿ ಇಂಧನದ ಪೈಪು, ಹೈಡ್ರಾಲಿಕ್ ಪೈಪು, ಬಿಸಿ ಜೆಟ್ ಪೈಪು ಎಲ್ಲ ಒಂದರ ಮೈಗೆ ಒಂದು. ಮೇಲಿನ ಕಡೆ ಒಂದು ಜಾಯಿಂಟ್ ಸೋರಿದರೆ ಹನಿ ಬೀಳೋದು ಕೆಳಗಿನ ಬಿಸಿ ಲೋಹದ ಮೇಲೆ. ಬೆಂಕಿ ಬಿದ್ದು ಲೈಟ್ನಿಂಗ್‌ಗಳು ಹೋದ ಕಥೆ ಒಂದೆರಡಲ್ಲ. ಆಮೇಲೆ ಬೆಂಕಿ ತಡೆಯೋಕೆ ಅಂತಲೇ ಸಾಲುಸಾಲು ಮಾರ್ಪಾಡು ಮಾಡಿದರು.

ಚಕ್ರ ನೋಡಿ. ರೆಕ್ಕೆ ತೆಳ್ಳಗೆ, ಚಕ್ರ ಮಡಚಿಕೊಳ್ಳೋದು ಆ ರೆಕ್ಕೆಯೊಳಗೇ. ಅದಕ್ಕೆ ಟೈರೂ ತೆಳ್ಳಗೆ, ಒಳಗೆ ವಿಪರೀತ ಒತ್ತಡದ ಗಾಳಿ. ಅಡ್ಡಗಾಳಿಯಲ್ಲಿ ಇಳಿದರೆ ಟೈರ್ ಉಜ್ಜಿಹೋಗುತ್ತಿತ್ತು. ಇಂಧನಕ್ಕೆ ಜಾಗ ಸಾಲದೆ ರೆಕ್ಕೆಯ ಫ್ಲ್ಯಾಪ್ ಒಳಗೂ ಇಂಧನ ತುಂಬಿದ್ದರು. ಫ್ಲ್ಯಾಪ್ ಅಂದರೆ ಇಳಿಯುವಾಗ ಕೆಳಗೆ ಬಾಗುತ್ತಲ್ಲ, ಅದೇ.

ಗಾಂಧಿಬಜಾರ್_ಗುರು:
ಫ್ಲ್ಯಾಪ್ ಒಳಗೆ ಪೆಟ್ರೋಲಾ! ಇದು ಮದುವೆ ಬಸ್ಸಿನಲ್ಲಿ ಡ್ರೈವರ್ ಸೀಟಿನ ಕೆಳಗೂ ಲಗೇಜ್ ತುರುಕಿದ ಹಾಗಾಯ್ತು.

ಹಳೇಸ್ಪ್ಯಾನರ್:
ಪೆಟ್ರೋಲ್ ಅಲ್ಲ ಗುರುಗಳೇ, ಜೆಟ್ ಇಂಧನ, ಸೀಮೆಎಣ್ಣೆ ಜಾತಿ. ಎಂಜಿನ್ ಚಾಲೂ ಮಾಡೋಕೆ ಬಳಸುತ್ತಿದ್ದದ್ದು ಬೇರೆ. ಐಸೋಪ್ರೊಪೈಲ್ ನೈಟ್ರೇಟ್. ಅವರ ಭಾಷೆಯಲ್ಲಿ ಆವ್‌ಪಿನ್. ಅದಕ್ಕೆ ಉರಿಯೋಕೆ ಹೊರಗಿನ ಗಾಳಿಯೂ ಬೇಡ. ಒಂದು ಕಿರುಚು, ಒಂದು ಹೊಗೆ, ಎಂಜಿನ್ ತಿರುಗಿಬಿಡುತ್ತೆ. ಸೈರನ್ ಆದ ಕೂಡಲೇ ಏಳಬೇಕಾದ ವಿಮಾನಕ್ಕೆ ಹೇಳಿ ಮಾಡಿಸಿದ್ದು. ಸ್ಟಾರ್ಟರ್ ಕೆಟ್ಟರೆ ಮಾತ್ರ ಅಲ್ಲೇ ಬೆಂಕಿ.

ಧಾರವಾಡಪೇಡಾ:
ರೆಕ್ಕೆ ಕೆಳಗೆ ಹೆಚ್ಚಿನ ಟ್ಯಾಂಕ್ ಯಾಕೆ ತೂಗುಹಾಕಲಿಲ್ಲ ರೀ? ಎಲ್ಲ ಫೈಟರ್‌ಗೂ ಇರ್ತಾವಲ್ಲ.

ಲೆಕ್ಕದಮೇಷ್ಟ್ರು:
ಬಂದೆ ಬಂದೆ. ರೆಕ್ಕೆ ಕೆಳಗೆ ಚಕ್ರ ಹೊರಮುಖವಾಗಿ ಮಡಚಿಕೊಳ್ಳುತ್ತೆ, ಕ್ಷಿಪಣಿ ಎರಡೂ ಮೂಗಿನ ಹಿಂದೆ ಮೈಗೆ ಅಂಟಿಕೊಂಡಿವೆ. ಕೆಳಗೆ ಜಾಗ ಎಲ್ಲಿದೆ? ಅದಕ್ಕೆ ದೂರ ಪ್ರಯಾಣದ ಟ್ಯಾಂಕುಗಳನ್ನು ರೆಕ್ಕೆಯ ಮೇಲ್ಗಡೆ ಕೂರಿಸಿದರು. ಪ್ರಪಂಚದಲ್ಲಿ ಬೇರೆ ಫೈಟರ್‌ಗಳಲ್ಲಿ ಹಾಗೆ ಕಾಣಸಿಗೋದು ಅಪರೂಪ.

ಈಗ ಸಿಂಗಪುರದ ಪ್ರಶ್ನೆ. 1957ರ ಏಪ್ರಿಲ್ 4 ಅನ್ನೋ ದಿನ ನೆನಪಿಟ್ಟುಕೊಳ್ಳಿ. ಆವತ್ತೇ ಸುಧಾರಿತ ಪಿ.1ಬಿ ಮೊದಲ ಸಲ ಹಾರಿತು. ಆವತ್ತೇ ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡಿಸ್ ಶ್ವೇತಪತ್ರ ಹೊರಡಿಸಿದರು. ಮುಂದೆ ಎಲ್ಲ ಕ್ಷಿಪಣಿಯದೇ ಕಾಲ, ಮನುಷ್ಯ ಕೂತು ಹಾರಿಸೋ ಹೊಸ ಫೈಟರ್ ಬೇಡ ಅನ್ನೋದು ಅದರ ತಿರುಳು. ಬೇರೆ ಯೋಜನೆಗಳೆಲ್ಲ ರದ್ದಾದವು. ಇದೊಂದು ಕೆಲಸ ಬಹಳ ಮುಂದೆ ಹೋಗಿತ್ತು ಅಂತ ಉಳಿಯಿತು. ತಾತ್ಕಾಲಿಕ ಅಂತ ಉಳಿಸಿಕೊಂಡ ವಿಮಾನ ಅದು. ಆಮೇಲೆ ಕೈಯಲ್ಲಿ ಬೇರೆ ಏನೂ ಇಲ್ಲ, ಎಲ್ಲ ಕೆಲಸಕ್ಕೂ ಇದನ್ನೇ ಕಳಿಸಿದರು.

1967ರಲ್ಲಿ 74ನೇ ಸ್ಕ್ವಾಡ್ರನ್ ಸ್ಕಾಟ್ಲೆಂಡಿನ ಲ್ಯೂಕರ್ಸ್ ಬಿಟ್ಟು ಸಿಂಗಪುರದ ಟೆಂಗಾಗೆ ಹೋಯ್ತು. ಆಕ್ರೊಟಿರಿ, ಮಸೀರಾ, ಮಾಲ್ಡೀವ್ಸ್‌ನ ಗಾನ್, ಹೀಗೆ ತಂಗುತ್ತಾ, ದಾರಿಯಲ್ಲಿ ಹಾರುತ್ತಲೇ ಇಂಧನ ಕೊಡೋ ವಿಕ್ಟರ್ ಟ್ಯಾಂಕರ್ ವಿಮಾನಗಳಿಂದ ಇಂಧನ ಕುಡಿಯುತ್ತಾ. 1971ರವರೆಗೆ ಅಲ್ಲಿತ್ತು. 56ನೇ ಸ್ಕ್ವಾಡ್ರನ್ 1967ರಿಂದ 1975ರವರೆಗೆ ಸೈಪ್ರಸ್‌ನ ಆಕ್ರೊಟಿರಿಯಲ್ಲಿ. ಇದಕ್ಕೆ ವಿಮಾನವನ್ನು ಬೈದು ಏನು ಪ್ರಯೋಜನ? ಕಳಿಸಿದವರನ್ನು ಕೇಳಿ.

ನೀಲಿಆಕಾಶ:
ಸ್ಯಾಂಡಿಸ್ ವಿಷಯ ಒಪ್ಪಿದೆ. ಆದರೆ ಕಳಿಸಿದವರು ತಪ್ಪು ಮಾಡಿದರು ಅಂದಮೇಲೆ, ಆ ತಪ್ಪು ಕೆಲಸದಲ್ಲಿ ವಿಮಾನ ಸೋತಿತು ಅಂತಲೂ ಆಯ್ತಲ್ವಾ?

ಕರಾವಳಿಕಾಗೆ:
ಎಲ್ಲಿ ಸೋತಿತು? ಯಾರು ಬಂದು ಹೊಡೆದರು ಸಿಂಗಪುರಕ್ಕೆ?

ಕೇಂಬ್ರಿಡ್ಜ್‌ಕನ್ನಡತಿ:
ನನಗೆ ತಾಂತ್ರಿಕ ವಿಷಯ ಜಾಸ್ತಿ ಗೊತ್ತಿಲ್ಲ. ಆದರೆ ನಮ್ಮ ಮನೆಯಿಂದ ಡಕ್ಸ್‌ಫರ್ಡ್ ಮ್ಯೂಸಿಯಂ ಹತ್ತಿರ. ಅಲ್ಲಿ ಎಕ್ಸ್‌ಎಂ135 ಅನ್ನೋ ಲೈಟ್ನಿಂಗ್ ಇದೆ. ಅದರ ಕಥೆ ಯಾರೂ ಹೇಳಿಲ್ಲ ಅಂತ ಬರೀತಿದ್ದೇನೆ.

1966ರ ಜುಲೈ 22, ವಿಲ್ಟ್‌ಶೈರ್‌ನ ಲೈನಮ್ ನೆಲೆ. ವಿಂಗ್ ಕಮಾಂಡರ್ ವಾಲ್ಟರ್ ಹೋಲ್ಡನ್, ಎಲ್ಲರ ಬಾಯಲ್ಲಿ ಟ್ಯಾಫಿ ಹೋಲ್ಡನ್, ಅಲ್ಲಿನ ರಿಪೇರಿ ಘಟಕದ ಮುಖ್ಯಸ್ಥ. ಎಂಜಿನಿಯರ್. ಹಿಂದೆ ಸಣ್ಣ ತರಬೇತಿ ವಿಮಾನ ಹಾರಿಸಿದ್ದರು, ಅಷ್ಟೇ. ಈ ವಿಮಾನದಲ್ಲಿ ಒಂದು ಕರೆಂಟಿನ ದೋಷ, ಹುಡುಕಿದರೂ ಸಿಗುತ್ತಿರಲಿಲ್ಲ. ರನ್‌ವೇ ಮೇಲೆ ಸ್ವಲ್ಪ ದೂರ ಓಡಿಸೋದು, ನಿಲ್ಲಿಸೋದು, ಮತ್ತೆ ಓಡಿಸೋದು, ಹೀಗೆ ಪರೀಕ್ಷೆ ಮಾಡಬೇಕಿತ್ತು. ಹಾರೋ ಯೋಚನೆಯೇ ಇಲ್ಲ. ಅದಕ್ಕೆ ಕಾಕ್‌ಪಿಟ್‌ನ ಗಾಜಿನ ಮುಚ್ಚಳ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ, ರೇಡಿಯೋ ಇಲ್ಲ. ಹೊರಗೆ ಚಿಮ್ಮಿಸುವ ಸೀಟಿಗೆ ಪಿನ್ ಹಾಕಿ ಲಾಕ್ ಮಾಡಿದ್ದಾರೆ. ಚಕ್ರಗಳೂ ಮಡಚದ ಹಾಗೆ ಲಾಕ್.

ಒಂದು ಸಲ ಥ್ರಾಟಲ್, ಅಂದರೆ ಎಂಜಿನ್ ಶಕ್ತಿಯ ಹಿಡಿಕೆ, ಮುಂದಕ್ಕೆ ತಳ್ಳಿದ್ದು ಜಾಸ್ತಿ ಆಯ್ತು. ರೀಹೀಟ್‌ಗೆ, ಅಂದರೆ ಎಂಜಿನ್ ಹಿಂಭಾಗದಲ್ಲಿ ಹೆಚ್ಚಿನ ಇಂಧನ ಉರಿಸಿ ಪೂರ್ತಿ ಶಕ್ತಿ ಕೊಡೋ ಜಾಗಕ್ಕೆ, ಹೋಗಿ ಕೂತುಬಿಟ್ಟಿತು. ಎಳೆದರೂ ಹಿಂದಕ್ಕೆ ಬರಲಿಲ್ಲ. ಮುಂದೆ ಇಂಧನದ ಲಾರಿ, ಅದರಿಂದ ಹೇಗೋ ತಪ್ಪಿತು. ಅಡ್ಡ ರನ್‌ವೇಯಲ್ಲಿ ಕಾಮೆಟ್ ವಿಮಾನ ಟೇಕಾಫ್ ಆಗುತ್ತಿದೆ, ಅದೂ ತಪ್ಪಿತು. ರನ್‌ವೇ ಮುಗಿಯುತ್ತಾ ಬಂತು. ಬೇರೆ ದಾರಿ ಇಲ್ಲದೆ ಕೋಲು ಎಳೆದರು. ಹಾರಿಬಿಟ್ಟರು!

ಮೇಲೆ ಹೋದಮೇಲೆ ಥ್ರಾಟಲ್ ಬಿಡಿಸಿಕೊಂಡರು. ಜಿಗಿಯೋಣ ಅಂದರೆ ಸೀಟಿಗೆ ಪಿನ್ ಇದೆ. ಇಳಿಸಲೇಬೇಕು. ಎರಡು ಸಲ ಪ್ರಯತ್ನ ಮಾಡಿ ಬಿಟ್ಟು, ಮೂರನೇ ಸಲ ಇಳಿಸಿದರು. ತಾನು ಕಲಿತಿದ್ದ ಹಳೇ ಕಾಲದ ವಿಮಾನದ ರೀತಿಯಲ್ಲೇ ಮೂಗು ಎತ್ತಿ ಇಳಿಸಿದ್ದಕ್ಕೆ ಬಾಲ ನೆಲಕ್ಕೆ ಉಜ್ಜಿತು, ಹಿಂದೆ ಬಿಚ್ಚಿಕೊಳ್ಳೋ ಬ್ರೇಕ್ ಪ್ಯಾರಾಚೂಟ್‌ನ ಹಗ್ಗ ಕಿತ್ತುಹೋಯ್ತು. ಆದರೂ ರನ್‌ವೇ ಮುಗಿಯೋದರೊಳಗೆ ನಿಂತಿತು. ಒಟ್ಟು 12 ನಿಮಿಷ. ಮನುಷ್ಯನಿಗೆ ಗಾಯ ಇಲ್ಲ. ವಿಮಾನವನ್ನೂ ರಿಪೇರಿ ಮಾಡಿ ಮತ್ತೆ ಹಾರಿಸಿದರು.

ಮಲ್ನಾಡ್‌ಮಳೆ:
ಅಯ್ಯೋ ದೇವರೇ. ಮನೆಗೆ ಹೋಗಿ ಹೆಂಡತಿಗೆ ಏನಂತ ಹೇಳಿರಬೇಕು ಆ ಮನುಷ್ಯ.

ಗಾಂಧಿಬಜಾರ್_ಗುರು:
ಒಂದು ಅನುಮಾನ. ಥ್ರಾಟಲ್ ಹಿಂದಕ್ಕೆ ಬರಲಿಲ್ಲ ಅಂದರೆ ಏನರ್ಥ? ಎಳೆದರೆ ಬರಬೇಕಲ್ವಾ?

ಹಳೇಸ್ಪ್ಯಾನರ್:
ಬರಲ್ಲ. ರೀಹೀಟ್‌ನಲ್ಲಿ ಒಂದು ಕಟ್ಟೆ ಇರುತ್ತೆ. ಮುಂದಕ್ಕೆ ದಾಟಿಸಿದರೆ ಲಾಕ್ ಬೀಳುತ್ತೆ. ಹಿಂದಕ್ಕೆ ತರೋಕೆ ಥ್ರಾಟಲ್ ಹಿಂಬದಿಯ ಕೊಕ್ಕೆ ಒತ್ತಿಕೊಂಡು ಎಳೆಯಬೇಕು. ಹಾರಾಟದಲ್ಲಿ ಕೈ ತಾಗಿ ಅಚಾನಕ್ಕಾಗಿ ಆರಿಹೋಗಬಾರದು ಅಂತ ಮಾಡಿದ್ದು. ದಿನಾ ಹಾರಿಸೋನಿಗೆ ಕೈಬೆರಳೇ ಮಾಡುತ್ತೆ. ಮೊದಲ ಸಲ ಕೂತವನಿಗೆ, ಅದೂ ಆ ವೇಗದಲ್ಲಿ, ಹೊಳೆಯೋದು ಹೇಗೆ?

ಇನ್ನೂ ಒಂದು ನೋಡಿ. ಚಕ್ರ ಲಾಕ್ ಆಗಿದ್ದದ್ದೇ ಅವರನ್ನು ಉಳಿಸಿತು. ಇಳಿಯುವಾಗ ಚಕ್ರ ಬಿಚ್ಚಿತಾ ಇಲ್ಲವಾ ಅನ್ನೋ ತಲೆನೋವೇ ಇರಲಿಲ್ಲ.

ಕೇಂಬ್ರಿಡ್ಜ್‌ಕನ್ನಡತಿ:
ಇದು ನನಗೆ ಹೊಳೆದಿರಲಿಲ್ಲ ಸಾರ್. ಡಕ್ಸ್‌ಫರ್ಡ್‌ನಲ್ಲಿ ಅದರ ಮೂಗಿನ ಎದುರು ನಿಂತು ನೋಡಬೇಕು. ಕಾಕ್‌ಪಿಟ್ ಎಷ್ಟು ಮೇಲಿದೆ ಅಂದರೆ ಹತ್ತೋಕೆ ಉದ್ದದ ಏಣಿ ಬೇಕು. ಅಷ್ಟು ಎತ್ತರದಲ್ಲಿ ಮುಚ್ಚಳ ಇಲ್ಲದೆ, ಗಾಳಿಗೆ ಮುಖ ಕೊಟ್ಟು!

ಫ್ಯಾಂಟಮ್‌ಪಕ್ಷ:
ಕಥೆಗಳೆಲ್ಲ ಚೆನ್ನಾಗಿವೆ. ಆದರೆ ಮೂಲ ಪ್ರಶ್ನೆಗೆ ಉತ್ತರ ಅಮೆರಿಕದ ಫ್ಯಾಂಟಮ್ ಫೈಟರ್ ಕೊಟ್ಟಿದೆ. 1970ರ ದಶಕದ ನಡುವಿನಿಂದ ಲೈಟ್ನಿಂಗ್ ಸ್ಕ್ವಾಡ್ರನ್‌ಗಳಿಗೆ ಒಂದೊಂದಾಗಿ ಫ್ಯಾಂಟಮ್ ಕೊಟ್ಟರು. ಯಾಕೆ? ಫ್ಯಾಂಟಮ್‌ನಲ್ಲಿ ಎಂಟು ಕ್ಷಿಪಣಿ. ನಾಲ್ಕು ದೂರದವು, ನಾಲ್ಕು ಹತ್ತಿರದವು. ಹಿಂದೆ ರಾಡಾರ್ ನೋಡೋಕೇ ಒಬ್ಬ ಕೂತಿರುತ್ತಾನೆ. ಕೆಳಗೆ ನೆಲಕ್ಕೆ ಹತ್ತಿರ ಬರೋ ಬಾಂಬರ್‌ನೂ ಹುಡುಕಬಲ್ಲದು. ಲೈಟ್ನಿಂಗ್‌ನಲ್ಲಿ ಒಬ್ಬನೇ ಮನುಷ್ಯ ಹಾರಿಸಬೇಕು, ಸಣ್ಣ ರಾಡಾರ್ ಪರದೆಗೆ ಮುಖ ಹುದುಗಿಸಿ ಹುಡುಕಬೇಕು, ಕಡೆಗಣ್ಣಲ್ಲಿ ಇಂಧನದ ಮುಳ್ಳೂ ನೋಡಬೇಕು. ಮೊದಲ ಫೈರ್‌ಸ್ಟ್ರೀಕ್ ಕ್ಷಿಪಣಿಗೆ ಶತ್ರುವಿನ ಹಿಂದೆಯೇ ಹೋಗಬೇಕಿತ್ತು. ರೆಡ್ ಟಾಪ್ ಬಂದಮೇಲೆ ಸ್ವಲ್ಪ ಸುಧಾರಿಸಿತು. ಎಫ್.3 ಮಾದರಿಯಲ್ಲಂತೂ ಬಂದೂಕನ್ನೇ ಕಿತ್ತುಹಾಕಿದ್ದರು, ಆಮೇಲೆ ಎಫ್.6ರ ಹೊಟ್ಟೆ ಟ್ಯಾಂಕಿನ ಮುಂದೆ ಮತ್ತೆ ಸೇರಿಸಬೇಕಾಯ್ತು. ಇದಕ್ಕಿಂತ ತಪ್ಪೊಪ್ಪಿಗೆ ಬೇಕಾ?

ಕರಾವಳಿಕಾಗೆ:
ಆ ಫ್ಯಾಂಟಮ್‌ಗೆ ಅಮೆರಿಕದ ಎಂಜಿನ್ ಬೇಡ, ನಮ್ಮ ಸ್ಪೇ ಎಂಜಿನ್ನೇ ಬೇಕು ಅಂತ ಹಟ ಹಿಡಿದು ಮೈ ದಪ್ಪ ಮಾಡಿ, ಖರ್ಚು ಏರಿಸಿ, ಮೇಲೆ ಹೋದರೆ ಅಮೆರಿಕದ್ದಕ್ಕಿಂತ ನಿಧಾನ ಆಗಿದ್ದು ನೀವು ಹೇಳೋದೇ ಇಲ್ಲ.

ಫ್ಯಾಂಟಮ್‌ಪಕ್ಷ:
ಕೆಳಮಟ್ಟದಲ್ಲಿ ವೇಗ ಹಿಡಿಯೋದರಲ್ಲಿ, ದೂರ ಹೋಗೋದರಲ್ಲಿ ಸ್ಪೇ ಇದ್ದದ್ದೇ ಮೇಲು. ಆರ್ಕ್ ರಾಯಲ್ ಹಡಗಿನ ಸಣ್ಣ ಡೆಕ್ಕಿನಿಂದ ಏಳೋಕೆ ಆ ಶಕ್ತಿ ಬೇಕಿತ್ತು. 1969ರ ಮೇ ತಿಂಗಳಲ್ಲಿ ನೌಕಾಪಡೆಯ 892ನೇ ಸ್ಕ್ವಾಡ್ರನ್‌ನ ಫ್ಯಾಂಟಮ್ ನ್ಯೂಯಾರ್ಕ್ ಕಡೆಯಿಂದ ಇಂಗ್ಲೆಂಡಿಗೆ ಅಟ್ಲಾಂಟಿಕ್ ದಾಟಿದ್ದು ಐದು ಗಂಟೆಯೊಳಗೆ. ನಿಮ್ಮ ಲೈಟ್ನಿಂಗ್ ನಾರ್ಫೋಕ್ ದಾಟುವಷ್ಟರಲ್ಲಿ ಟ್ಯಾಂಕರ್ ಎಲ್ಲಿ ಅಂತ ಅಳುತ್ತಿತ್ತು.

ಮಲ್ನಾಡ್‌ಮಳೆ:
ಫ್ಯಾಂಟಮ್ ಏನಾದರೂ ಹೊಡೆದು ಬೀಳಿಸಿತಾ ಬ್ರಿಟನ್ ಪರವಾಗಿ?

ಲೆಕ್ಕದಮೇಷ್ಟ್ರು:
ಬೀಳಿಸಿತು. ತನ್ನದೇ ಪಡೆಯ ಜಾಗ್ವಾರನ್ನು. 1982ರ ಮೇ 25, ಜರ್ಮನಿಯಲ್ಲಿ. ವಿಲ್ಡನ್‌ರಾತ್‌ನ 92ನೇ ಸ್ಕ್ವಾಡ್ರನ್‌ನ ಫ್ಯಾಂಟಮ್ ನಿಜವಾದ ಕ್ಷಿಪಣಿ ಹೊತ್ತು ಹಾರಿತ್ತು. ಅಭ್ಯಾಸ ಅಂದುಕೊಂಡೇ ಗುಂಡಿ ಒತ್ತಿದರು, ಸೈಡ್‌ವೈಂಡರ್ ಹೋಗಿಯೇಬಿಟ್ಟಿತು. ಜಾಗ್ವಾರ್ ಪೈಲಟ್ ಜಿಗಿದು ಬದುಕಿಕೊಂಡ.

ಲೈಟ್ನಿಂಗ್ ಕೂಡ ಖಾಲಿ ಕೈಯಲ್ಲಿ ಇಲ್ಲ, ನೀಲಿಆಕಾಶ ಅವರೇ. 1972ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಒಬ್ಬ ಹ್ಯಾರಿಯರ್ ಪೈಲಟ್ ಹೊರಗೆ ಜಿಗಿದ, ವಿಮಾನ ಮಾತ್ರ ಬೀಳದೆ ತಾನಾಗಿಯೇ ಪೂರ್ವ ಜರ್ಮನಿಯ ಗಡಿ ಕಡೆ ಹೊರಟುಬಿಟ್ಟಿತು. ಅದನ್ನು ಲೈಟ್ನಿಂಗ್ ಹೊಡೆದು ಕೆಡವಿತು. ಅದರ ಇಡೀ ಸೇವೆಯಲ್ಲಿ ಅದೊಂದೇ.

ಗಾಂಧಿಬಜಾರ್_ಗುರು:
ಅಂದರೆ ಸ್ಕೋರ್ 1-1. ಎರಡೂ ಸೆಲ್ಫ್ ಗೋಲು 😂

ಧಾರವಾಡಪೇಡಾ:
ಪಾಪ ಜಾಗ್ವಾರ್. ನಮ್ಮ ಬೆಂಗಳೂರಿನಲ್ಲಿ ಕಟ್ಟಿದ ಜಾಗ್ವಾರ್‌ಗಳು ಇನ್ನೂ ಎಷ್ಟು ಮರ್ಯಾದೆಯಿಂದ ದುಡೀತಾವ ನೋಡ್ರಿ.

ಸುಮ್ನೆಓದುವವ:
ಇಷ್ಟು ದಿನ ಸುಮ್ನೆ ಓದ್ತಿದ್ದೆ, ಇದೊಂದು ಕೇಳಲೇಬೇಕು. 1970ರಲ್ಲಿ ಒಂದು ಲೈಟ್ನಿಂಗ್ ಹಾರುವ ತಟ್ಟೆಯನ್ನು ಬೆನ್ನಟ್ಟಿ ಹೋಗಿ, ವಿಮಾನ ಮಾತ್ರ ಸಮುದ್ರದ ತಳದಲ್ಲಿ ಸಿಕ್ಕಿತು, ಮುಚ್ಚಳ ಮುಚ್ಚಿಯೇ ಇತ್ತು, ಒಳಗೆ ಪೈಲಟ್ ಇರಲಿಲ್ಲ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜಾನಾ?

ಲೆಕ್ಕದಮೇಷ್ಟ್ರು:
ವಿಮಾನ, ಮುಚ್ಚಳ, ಪೈಲಟ್ ಇಲ್ಲದಿರೋದು, ಎಲ್ಲ ನಿಜ. ಹಾರುವ ತಟ್ಟೆ ಮಾತ್ರ ಸುಳ್ಳು. 1970ರ ಸೆಪ್ಟೆಂಬರ್ 8ರ ರಾತ್ರಿ, ಬಿನ್‌ಬ್ರೂಕ್‌ನ 5ನೇ ಸ್ಕ್ವಾಡ್ರನ್. ಪೈಲಟ್ ಅಮೆರಿಕದವರು, ವಿನಿಮಯದ ಮೇಲೆ ಬಂದವರು. ಅಭ್ಯಾಸದ ಗುರಿ ಶ್ಯಾಕಲ್ಟನ್, ಪ್ರೊಪೆಲರ್‌ನ ನಿಧಾನ ವಿಮಾನ, ಸಮುದ್ರಕ್ಕೆ ಹತ್ತಿರ ಹಾರುತ್ತಿತ್ತು. ಮ್ಯಾಕ್ 2ರ ವಿಮಾನದಲ್ಲಿ ಕೂತು, ಕತ್ತಲಲ್ಲಿ, ಅಷ್ಟು ಕೆಳಗೆ, ಅಷ್ಟು ನಿಧಾನದ ವಿಮಾನದ ಪಕ್ಕ ಹೋಗಿ ಗುರುತಿಸಬೇಕು. ವೇಗ ಇಳಿಸುತ್ತಾ ಇಳಿಸುತ್ತಾ ಸಮುದ್ರಕ್ಕೆ ತಾಗಿತು. ಸೀಟು ಚಿಮ್ಮಿಸೋಕೆ ಮೊದಲು ಮುಚ್ಚಳ ಹಾರಬೇಕು, ಅದರ ಸಿಡಿಗುಂಡು ಕೆಲಸ ಮಾಡಲಿಲ್ಲ. ಅವರು ಕೈಯಿಂದ ಮುಚ್ಚಳ ತೆರೆದು ನೀರಿಗೆ ಇಳಿದಿರಬೇಕು. ಆಮೇಲೆ ಹೈಡ್ರಾಲಿಕ್ ಒತ್ತಡ ಇಳಿದು ಮುಚ್ಚಳ ತಾನೇ ಮುಚ್ಚಿಕೊಂಡಿತು. ಅವರು ಸಿಗಲೇ ಇಲ್ಲ. ಅವರ ಮನೆಯವರು ದಶಕಗಟ್ಟಲೆ ನಿಜ ಗೊತ್ತಿಲ್ಲದೆ ಕಾಯಬೇಕಾಯ್ತು. ತಟ್ಟೆಯ ಕಥೆ ಹುಟ್ಟಿದ್ದು 1990ರ ದಶಕದಲ್ಲಿ, ಒಂದು ಸ್ಥಳೀಯ ಪತ್ರಿಕೆಯಿಂದ. ಒಬ್ಬ ಮನುಷ್ಯನ ಸಾವಿನ ಮೇಲೆ ವಿಡಿಯೋ ಮಾಡಿ ದುಡ್ಡು ಮಾಡೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಸುಮ್ನೆಓದುವವ:
ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್ ಸಾರ್.

ಫ್ಯಾಂಟಮ್‌ಪಕ್ಷ:
ನೋಡಿ, ನಾನು ಹೇಳಿದ್ದು ಇದೇ. ಹಿಂದೆ ಇನ್ನೊಬ್ಬ ಕೂತು ಎತ್ತರ ನೋಡಿ ಹೇಳುತ್ತಿದ್ದರೆ?

ಹಳೇಸ್ಪ್ಯಾನರ್:
ಈ ಮಾತು ಒಪ್ಪಬೇಕಾದ್ದೇ. ಇಬ್ಬರು ಇದ್ದರೂ ವಿಮಾನ ಸಮುದ್ರಕ್ಕೆ ಬಿದ್ದದ್ದಿದೆ, ಆದರೂ ಒಪ್ಪಬೇಕಾದ್ದೇ.

ಮರುತ್‌ಮೋಹ:
ತಡವಾಗಿ ಬಂದೆ. ನಮಗೂ ಈ ವಿಮಾನಕ್ಕೂ ಇರೋ ನಂಟು ಯಾರೂ ಎತ್ತಲಿಲ್ಲವಲ್ಲ! ಲೈಟ್ನಿಂಗ್‌ನ ಮೊದಲ ಕಲ್ಪನೆ ಟೆಡ್ಡಿ ಪೆಟರ್ ಅನ್ನೋ ವಿನ್ಯಾಸಕಾರನದು. ಕ್ಯಾನ್‌ಬೆರಾ ಕೂಡ ಅವನದೇ. 1950ರಲ್ಲಿ ಕಂಪನಿ ಬಿಟ್ಟ. ಲೈಟ್ನಿಂಗ್ ಕೆಲಸವನ್ನು ಫ್ರೆಡ್ಡಿ ಪೇಜ್ ಮುಂದುವರಿಸಿದರು. ಪೆಟರ್ ಹೋಗಿದ್ದು ಫಾಲೆಂಡ್ ಅನ್ನೋ ಕಂಪನಿಗೆ. ಅಲ್ಲಿ ಮಾಡಿದ್ದು ನ್ಯಾಟ್ ಅನ್ನೋ ಪುಟ್ಟ ಫೈಟರ್. ಆ ನ್ಯಾಟ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ, 1965ರಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಹೊಡೆದು ಹೆಸರು ಮಾಡಿತು, ಮುಂದೆ ಅಜೀತ್ ಆಯ್ತು. ಒಂದೇ ತಲೆಯಿಂದ ಮ್ಯಾಕ್ 2ರ ದೈತ್ಯ, ಆಮೇಲೆ ಫೈಟರ್‌ಗಳು ತೂಕ ಏರಿಸಿಕೊಂಡು ಕೆಡುತ್ತಿವೆ ಅಂತ ಹಟ ಹಿಡಿದು ಒಂದು ಗುಬ್ಬಿ. ಕಡೆಗೆ ವಿಮಾನದ ಸಹವಾಸವೇ ಬೇಡ ಅಂತ ಸ್ವಿಟ್ಜರ್ಲೆಂಡಿನಲ್ಲಿ ಒಂದು ಧಾರ್ಮಿಕ ಸಮುದಾಯಕ್ಕೆ ಸೇರಿಬಿಟ್ಟ.

ಇನ್ನೊಂದು. 1962ರಲ್ಲಿ ಭಾರತ ಮಿಗ್-21 ಕಡೆ ವಾಲಿದಾಗ ಅದನ್ನು ತಪ್ಪಿಸೋಕೆ ಬ್ರಿಟನ್, ಅಮೆರಿಕ ಸೇರಿ ನಮಗೆ ಲೈಟ್ನಿಂಗ್ ಕೊಡೋ ಮಾತು ನಡೆಸಿದ್ದರು. ನಾವು ಮಿಗ್ ತಗೊಂಡೆವು.

ಹಳೇಸ್ಪ್ಯಾನರ್:
ಒಳ್ಳೇದಾಯ್ತು ಬಿಡಿ. ಮಿಗ್-21 ಒಂದು ಎಂಜಿನ್, ಸರಳ, ನಮ್ಮಲ್ಲೇ ಕಟ್ಟೋಕೆ ಲೈಸೆನ್ಸ್ ಸಿಕ್ಕಿತು. ಆ ಬೇಸಿಗೆಯಲ್ಲಿ, ಆ ದೂಳಿನಲ್ಲಿ ಲೈಟ್ನಿಂಗ್‌ನ ಮೇಲಿನ ಎಂಜಿನ್ ಎತ್ತುವವರು ಯಾರು? ನಾನಂತೂ ಅಲ್ಲ.

ನೀಲಿಆಕಾಶ:
ಕಾನ್ಕಾರ್ಡ್ ಕಥೆ ಯಾರೂ ಹೇಳಲಿಲ್ಲ ಅಂತ ಭಾವ ಫೋನ್ ಮಾಡಿ ಬೈದ. 1985ರಲ್ಲಿ ಶಬ್ದಕ್ಕಿಂತ ವೇಗದ ಪ್ರಯಾಣಿಕರ ವಿಮಾನ ಕಾನ್ಕಾರ್ಡನ್ನು ಗುರಿಯಾಗಿ ಬಿಟ್ಟಾಗ, ಎಫ್-15, ಎಫ್-14, ಮಿರಾಜ್ ಎಲ್ಲ ಬಂದರೂ, ಹಿಂದಿನಿಂದ ಬೆನ್ನಟ್ಟಿ ದಾಟಿದ್ದು ಲೈಟ್ನಿಂಗ್ ಒಂದೇ ಅಂತೆ. ಪೈಲಟ್ ಮೈಕ್ ಹೇಲ್, ವಿಮಾನ ಎಕ್ಸ್‌ಆರ್749. ಅದಕ್ಕೂ ಹಿಂದಿನ ವರ್ಷ 66,000 ಅಡಿಯಲ್ಲಿದ್ದ ಯು-2 ಗೂಢಚಾರ ವಿಮಾನದ ಎತ್ತರಕ್ಕೂ ಹೋಗಿದ್ದರಂತೆ.

ಫ್ಯಾಂಟಮ್‌ಪಕ್ಷ:
ಕಾನ್ಕಾರ್ಡ್ 2003ರವರೆಗೂ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್‌ಗೆ ಹೋಗುತ್ತಿತ್ತು, ಅದೂ ಪ್ರಯಾಣಿಕರಿಗೆ ಊಟ ಬಡಿಸಿಕೊಂಡು. ಲೈಟ್ನಿಂಗ್ ದಾಟಿ ಏನು ಮಾಡಿತು? ತಿರುಗಿ ಬಂದು ಇಂಧನ ಕೇಳಿತು.

ಕರಾವಳಿಕಾಗೆ:
ದಾಟಿತಲ್ಲ ಮಾರಾಯ್ರೆ, ಅಷ್ಟು ಸಾಕು!

ಲೆಕ್ಕದಮೇಷ್ಟ್ರು:
ಇಬ್ಬರೂ ಒಂದೇ ಮಾತು ಹೇಳ್ತಿದ್ದೀರಿ. ಕೆಲವೇ ನಿಮಿಷ ಅದನ್ನು ಮೀರಿಸೋರು ಇರಲಿಲ್ಲ. ಆ ನಿಮಿಷಗಳಿಗೆ ಅಂತಲೇ ಕಟ್ಟಿದ್ದು. ಆದರೆ ದಿನನಿತ್ಯದ ಕೆಲಸ ಏನಾಗಿತ್ತು ನೋಡಿ. ಲ್ಯೂಕರ್ಸ್, ಬಿನ್‌ಬ್ರೂಕ್‌ನಲ್ಲಿ ಹಗಲೂ ರಾತ್ರಿ ಸಜ್ಜಾಗಿ ಕೂರೋದು. ಐಸ್‌ಲ್ಯಾಂಡ್ ಕಡೆಯಿಂದ ಸೋವಿಯತ್ ಟಿಯು-95 ಬಾಂಬರ್ ಬಂದರೆ ಎದ್ದು ಹೋಗಿ ಪಕ್ಕದಲ್ಲಿ ಹಾರಿ, ಫೋಟೋ ತೆಗೆದು, ಬೆಂಗಾವಲು ಕೊಟ್ಟು ಹಿಂದಕ್ಕೆ ಕಳಿಸೋದು. ಟಿಯು-95 ಗಂಟೆಗಟ್ಟಲೆ ಹಾರೋ ವಿಮಾನ. ಅದಕ್ಕೆ ಜೋಡಿಯಾಗಿ ಲೈಟ್ನಿಂಗ್! ವಿಕ್ಟರ್ ಟ್ಯಾಂಕರ್ ಇಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. ನನ್ನ ಕೇಳಿದರೆ 28 ವರ್ಷದ ಮೆಡಲಿನಲ್ಲಿ ಅರ್ಧ ಆ ಟ್ಯಾಂಕರ್‌ನವರಿಗೆ ಕೊಡಬೇಕು.

ಜರ್ಮನಿಯಲ್ಲಿ ಮಾತ್ರ ಇದಕ್ಕೆ ಸರಿಯಾದ ಜಾಗ ಸಿಕ್ಕಿತ್ತು. ಗ್ಯೂಟರ್ಸ್‌ಲೋ ಗಡಿಗೆ ಹತ್ತಿರದ ನೆಲೆ, 19 ಮತ್ತು 92ನೇ ಸ್ಕ್ವಾಡ್ರನ್‌ಗಳು. ಎದ್ದ ಕೂಡಲೇ ಕೆಲಸ ಎದುರಿಗೇ. ಅವರ ಬಳಿ ಇದ್ದ ಎಫ್.2ಎ ಮಾದರಿಯಲ್ಲಿ ದೊಡ್ಡ ಹೊಟ್ಟೆ ಟ್ಯಾಂಕೂ ಇತ್ತು, ಬಂದೂಕೂ ಇತ್ತು. ಹಾರಿಸಿದವರಲ್ಲಿ ಬಹಳ ಜನ ಅದೇ ಒಳ್ಳೆ ಮಾದರಿ ಅಂತಾರೆ.

ನೀಲಿಆಕಾಶ:
ಟ್ಯಾಂಕರ್‌ಗೆ ಅರ್ಧ ಮೆಡಲ್ ಅನ್ನೋದನ್ನು ಭಾವನಿಗೆ ಈಗಲೇ ಕಳಿಸಿದೆ. ಉತ್ತರ ಇಲ್ಲ.

ಮಲ್ನಾಡ್‌ಮಳೆ:
ವಿಷಯಾಂತರಕ್ಕೆ ಕ್ಷಮಿಸಿ. ಟ್ರಾಕ್ಟರ್ ಮೇಲೆ ಕೂತವನು ತಿರುಗಿ ನೋಡ್ತಿದ್ದಾನೆ, ಹಿಂದೆ ವಿಮಾನ ಮೂಗು ಕೆಳಗೆ ಮಾಡಿ ನೆಲಕ್ಕೆ ಬೀಳ್ತಿದೆ, ಪೈಲಟ್ ಗಾಳಿಯಲ್ಲಿದ್ದಾನೆ, ಆ ಫೋಟೋ ಲೈಟ್ನಿಂಗ್‌ದೇನಾ?

ಮರುತ್‌ಮೋಹ:
ಅದೇ. 1962ರ ಸೆಪ್ಟೆಂಬರ್ 13, ಹ್ಯಾಟ್‌ಫೀಲ್ಡ್. ಕ್ಷಿಪಣಿ ಪರೀಕ್ಷೆಗೆ ಅಂತ ಡಿ ಹ್ಯಾವಿಲೆಂಡ್‌ನವರ ಹತ್ತಿರ ಇದ್ದ ವಿಮಾನ. ಹಿಂದೆ ಬೆಂಕಿ ಬಿದ್ದು, ಇಳಿಯೋಕೆ ಇನ್ನೇನು ರನ್‌ವೇ ಮುಂದೆ ಇದೆ ಅನ್ನುವಾಗ ಬಾಲದ ಹಿಡಿತ ತಪ್ಪಿತು. ಪೈಲಟ್ ಜಾರ್ಜ್ ಏರ್ಡ್ ಜಿಗಿದರು. ಬಿದ್ದದ್ದು ಗಾಜಿನ ಮನೆಯ ಛಾವಣಿ ಒಡೆದುಕೊಂಡು, ಟೊಮ್ಯಾಟೊ ಗಿಡಗಳ ಮೇಲೆ. ಕಾಲು ಮುರಿದವು, ಬದುಕಿದರು. ಫೋಟೋ ತೆಗೆದದ್ದು ಜಿಮ್ ಮೀಡ್ಸ್. ನಕಲಿ ಅನ್ನುವಷ್ಟು ಕರಾರುವಾಕ್ಕಾದ ಕ್ಷಣ, ಆದರೆ ಅಸಲಿ.

ಹಳೇಸ್ಪ್ಯಾನರ್:
ನೋಡಿದ್ರಾ, ಮತ್ತೆ ಬೆಂಕಿ, ಮತ್ತೆ ಹಿಂಭಾಗ.

ಧಾರವಾಡಪೇಡಾ:
ಈಗ ಎಲ್ಲಾದರೂ ಹಾರ್ತದೇನ್ರಿ? ಒಂದು ಸಲ ಸದ್ದು ಕೇಳಬೇಕು ಅಂತ ಆಸೆ.

ಕೇಂಬ್ರಿಡ್ಜ್‌ಕನ್ನಡತಿ:
ಬ್ರಿಟನ್ನಿನಲ್ಲಿ ಖಾಸಗಿಯವರಿಗೆ ಇದನ್ನು ಹಾರಿಸೋಕೆ ಅನುಮತಿ ಸಿಗಲಿಲ್ಲ. ಬ್ರಂಟಿಂಗ್‌ಥಾರ್ಪ್‌ನಲ್ಲಿ ಅಭಿಮಾನಿಗಳ ಗುಂಪು ಎರಡು ಎಫ್.6 ಇಟ್ಟುಕೊಂಡು, ರೀಹೀಟ್ ಹಾಕಿ ರನ್‌ವೇ ಮೇಲೆ ಓಡಿಸುತ್ತಿದ್ದರು, ಹಾರಿಸುತ್ತಿರಲಿಲ್ಲ. ನಾನು ಒಂದು ಸಲ ಹೋಗಿದ್ದೆ. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತೆ, ಕೈಯಲ್ಲಿದ್ದ ಕಾಫಿ ಲೋಟ ನಡುಗುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಹಾರಿಸುತ್ತಿದ್ದರು. 2009ರಲ್ಲಿ ಅಲ್ಲಿ ಏರ್ ಶೋನಲ್ಲಿ ಒಂದು ಬಿದ್ದು ಪೈಲಟ್ ತೀರಿಕೊಂಡರು.

ಫ್ಯಾಂಟಮ್‌ಪಕ್ಷ:
ಇಷ್ಟು ಬೈದೆ, ಒಂದು ಒಳ್ಳೆ ಮಾತೂ ಹೇಳಿಬಿಡ್ತೀನಿ. 1988ರಲ್ಲಿ ಬಿನ್‌ಬ್ರೂಕ್‌ನ 11ನೇ ಸ್ಕ್ವಾಡ್ರನ್ ಮುಚ್ಚಿ ಟೊರ್ನಾಡೊ ಎಫ್.3 ಅನ್ನೋ ಹೊಸ ಫೈಟರ್ ಬಂತಲ್ಲ, ಆ ಟೊರ್ನಾಡೊದ ಫಾಕ್ಸ್‌ಹಂಟರ್ ರಾಡಾರ್ ಪರೀಕ್ಷೆ ಮಾಡೋಕೆ ವೇಗದ ಗುರಿ ಬೇಕಿತ್ತು. ಅದಕ್ಕೆ ತಯಾರಕ ಕಂಪನಿ ಕೆಲವು ಲೈಟ್ನಿಂಗ್‌ಗಳನ್ನು ವಾರ್ಟನ್‌ನಲ್ಲಿ 1992ರವರೆಗೂ ಹಾರಿಸುತ್ತಿತ್ತು. ತನ್ನ ಜಾಗಕ್ಕೆ ಬಂದವನಿಗೆ ತಾನೇ ಪಾಠ ಹೇಳಿಕೊಟ್ಟಿತು.

ಕರಾವಳಿಕಾಗೆ:
ಪಾಠ ಹೇಳೋಕೂ ಅದೇ ಬೇಕಾಯ್ತು ಅನ್ನಿ. ನೀಲಿಆಕಾಶ ಅವರೇ, ಭಾವನಿಗೆ ಇದನ್ನೂ ಕಳಿಸಿ.

ನೀಲಿಆಕಾಶ:
ಇದನ್ನು ಖಂಡಿತ ಕಳಿಸಲ್ಲ. ಮೊದಲು ಟ್ಯಾಂಕರ್ ವಿಷಯಕ್ಕೆ ಅವನ ಉತ್ತರ ಬರಲಿ.